ಸರ್ವರ್‌ನ ಪಾಸ್‌ವರ್ಡ್ ಎಲ್ಲಿಡಬೇಕು? ಬೀಗದ ಪಕ್ಕದಲ್ಲೇ ಕೀಲಿಕೈ ನೇತುಹಾಕುವ ಕಥೆ

ಕೇಳೋಕೆ ಪುರುಸೊತ್ತಿಲ್ಲ, ಓದ್ತೀನಿ ಅನ್ನುವವರಿಗಾಗಿ ಈ ಸಂಚಿಕೆಯ ಬರಹ ರೂಪ ಇಲ್ಲಿದೆ.

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಪಾಸ್‌ವರ್ಡ್ ನಿಮ್ಮ ತಲೆಯಲ್ಲಿರುತ್ತೆ, ಇಲ್ಲಾಂದ್ರೆ ಫೋನ್‌ನಲ್ಲಿರುತ್ತೆ. ಆದ್ರೆ ನೀವು ದಿನಾ ಬಳಸೋ ಆ್ಯಪ್‌ಗಳಿಗೂ ಅವುಗಳದ್ದೇ ಪಾಸ್‌ವರ್ಡ್‌ಗಳು ಇರ್ತವೆ. ಅವಕ್ಕೆ ತಲೆ ಇಲ್ಲ. ಹಾಗಾದ್ರೆ ಅವು ಪಾಸ್‌ವರ್ಡ್‌ನ ಎಲ್ಲಿ ಇಟ್ಕೊಳ್ತವೆ?

ಇದು ಬರೀ ಇಂಜಿನಿಯರ್‌ಗಳ ತಲೆನೋವು ಅಂದುಕೊಳ್ಳಬೇಡಿ. ಇದಕ್ಕೆ ಸರಿಯಾದ ಉತ್ತರ ಕೊಡದೆ ಇದ್ದಾಗ ಹೊರಗೆ ಹೋಗೋದು ನಿಮ್ಮ ಹೆಸರು, ನಿಮ್ಮ ಫೋನ್ ನಂಬರ್, ನಿಮ್ಮ ಲೈಸೆನ್ಸ್ ನಂಬರ್.

ಊಬರ್‌ನಲ್ಲಿ ಏನಾಯ್ತು?

2016ರ ಕೊನೆಯ ಹೊತ್ತಿಗೆ ಊಬರ್ ಕಂಪನಿಯ ದತ್ತಾಂಶ ಇಬ್ಬರು ಹೊರಗಿನವರ ಕೈಗೆ ಸಿಕ್ಕಿತು. ಪ್ರಪಂಚದಾದ್ಯಂತ ಸುಮಾರು 5.7 ಕೋಟಿ ಪ್ರಯಾಣಿಕರು ಮತ್ತು ಚಾಲಕರ ಮಾಹಿತಿ. ಅದರಲ್ಲಿ ಅಮೆರಿಕದ ಸುಮಾರು 6 ಲಕ್ಷ ಚಾಲಕರ ಡ್ರೈವಿಂಗ್ ಲೈಸೆನ್ಸ್ ನಂಬರ್‌ಗಳೂ ಇದ್ದವು.

ಸಿನಿಮಾದಲ್ಲಿ ತೋರಿಸೋ ಹಾಗೆ ಕತ್ತಲೆ ಕೋಣೆ, ಹಸಿರು ಅಕ್ಷರ, ಅದ್ಯಾವುದೂ ಅಲ್ಲಿ ಇರಲಿಲ್ಲ. ಊಬರ್‌ನ ಕೋಡ್ ಗಿಟ್‌ಹಬ್‌ನಲ್ಲಿತ್ತು. ಅದು ಖಾಸಗಿ ರೆಪೊಸಿಟರಿ, ಅಂದ್ರೆ ಕಂಪನಿಯವರು ಮಾತ್ರ ನೋಡಬಹುದಾದ ಜಾಗ. ಬೇರೆ ಬೇರೆ ಸೈಟ್‌ಗಳಿಂದ ಹಿಂದೆ ಸೋರಿಕೆಯಾಗಿದ್ದ ಪಾಸ್‌ವರ್ಡ್‌ಗಳನ್ನೇ ಬಳಸಿ ಇವರು ಉದ್ಯೋಗಿಗಳ ಗಿಟ್‌ಹಬ್ ಖಾತೆಯೊಳಗೆ ಹೋದರು. ಅಲ್ಲಿ ಕೋಡ್ ಓದ್ತಾ ಹೋದ್ರೆ, ಅದರೊಳಗೆ ಅಮೆಜಾನ್ ಕ್ಲೌಡ್‌ನ ಕೀ ಇತ್ತು. ಆ ಕೀ ಹಿಡ್ಕೊಂಡು ಕ್ಲೌಡ್‌ಗೆ ಹೋದರು, ಬ್ಯಾಕಪ್ ಫೈಲುಗಳನ್ನು ಇಳಿಸಿಕೊಂಡರು. ಅಷ್ಟೇ.

ಅಂದ್ರೆ ಇಲ್ಲಿ ಯಾವ ಬೀಗವನ್ನೂ ಒಡೆದಿಲ್ಲ. ಬೀಗದ ಪಕ್ಕದಲ್ಲೇ ಕೀಲಿಕೈ ನೇತುಹಾಕಿತ್ತು.

ಇನ್ನೂ ಬೇಜಾರಿನ ವಿಷಯ ಏನು ಗೊತ್ತಾ? ಇದೇ ಕಂಪನಿಗೆ 2014ರಲ್ಲೂ ಹೀಗೇ ಆಗಿತ್ತು. ಆಗ ಕೂಡ ಗಿಟ್‌ಹಬ್, ಆಗ ಕೂಡ ಅಮೆಜಾನ್ ಕೀ. ಆ ಸಲ ಕೀ ಎಲ್ಲರಿಗೂ ಕಾಣೋ ಸಾರ್ವಜನಿಕ ಪುಟದಲ್ಲೇ ಬಿದ್ದಿತ್ತು.

2016ರ ಘಟನೆಯನ್ನು ಕಂಪನಿ ಸುಮಾರು ಒಂದು ವರ್ಷ ಮುಚ್ಚಿಟ್ಟಿತು. ಆ ಇಬ್ಬರಿಗೆ 1 ಲಕ್ಷ ಡಾಲರ್ ಕೊಟ್ಟು, ದೋಷ ಹುಡುಕಿಕೊಟ್ಟಿದ್ದಕ್ಕೆ ಬಹುಮಾನ ಅನ್ನೋ ಹಾಗೆ ತೋರಿಸಿತು. 2017ರ ನವೆಂಬರ್‌ನಲ್ಲಿ ವಿಷಯ ಹೊರಬಂತು. 2018ರಲ್ಲಿ ಅಮೆರಿಕದ ರಾಜ್ಯಗಳ ಜೊತೆ 14.8 ಕೋಟಿ ಡಾಲರ್‌ಗೆ ರಾಜಿ ಮಾಡ್ಕೊಳ್ಳಬೇಕಾಯ್ತು. ಆಗ ಭದ್ರತಾ ಮುಖ್ಯಸ್ಥರಾಗಿದ್ದ ಜೋ ಸಲಿವನ್ ತಪ್ಪಿತಸ್ಥರು ಅಂತ 2022ರಲ್ಲಿ ತೀರ್ಪು ಬಂತು. ಈ ಮಾತು ನೆನಪಿರಲಿ, ಕೊನೆಗೆ ಮತ್ತೆ ಇಲ್ಲಿಗೆ ಬರ್ತೀವಿ.

ಆ್ಯಪ್‌ಗೆ ಪಾಸ್‌ವರ್ಡ್ ಯಾಕೆ ಬೇಕು?

ನೀವು ರಾತ್ರಿ ಹತ್ತಕ್ಕೆ ಊಟ ಆರ್ಡರ್ ಮಾಡ್ತೀರಿ ಅಂದುಕೊಳ್ಳಿ. ನಿಮ್ಮ ಫೋನ್‌ನಲ್ಲಿರೋ ಆ್ಯಪ್ ಎಲ್ಲೋ ದೂರದ ಸರ್ವರ್ ಜೊತೆ ಮಾತಾಡುತ್ತೆ. ಆ ಸರ್ವರ್ ಡೇಟಾಬೇಸ್‌ನಿಂದ ನಿಮ್ಮ ವಿಳಾಸ ತೆಗೀಬೇಕು. ದುಡ್ಡು ಕಟ್ಟೋ ಗೇಟ್‌ವೇ ಜೊತೆ ಮಾತಾಡಬೇಕು. ಒಟಿಪಿ ಕಳಿಸೋ ಎಸ್‌ಎಂಎಸ್ ಕಂಪನಿ ಜೊತೆ ಮಾತಾಡಬೇಕು. ಪ್ರತಿಯೊಬ್ಬರೂ ಕೇಳೋದು ಒಂದೇ: "ನೀನು ಯಾರು? ಪುರಾವೆ ತೋರಿಸು." ಆ ಪುರಾವೆಗೇ ಕ್ರೆಡೆನ್ಶಿಯಲ್ ಅಂತಾರೆ. ಅದು ಪಾಸ್‌ವರ್ಡ್ ಇರಬಹುದು, ಎಪಿಐ ಕೀ ಇರಬಹುದು, ಟೋಕನ್ ಇರಬಹುದು.

ಮನುಷ್ಯ ಆದ್ರೆ ಟೈಪ್ ಮಾಡ್ತಾನೆ. ಸರ್ವರ್ ಬೆಳಗಿನ ಜಾವ ಮೂರು ಗಂಟೆಗೆ ರೀಸ್ಟಾರ್ಟ್ ಆದ್ರೆ ಪಾಸ್‌ವರ್ಡ್ ಟೈಪ್ ಮಾಡೋಕೆ ಅಲ್ಲಿ ಯಾರೂ ಕೂತಿರಲ್ಲ. ಹಾಗಾಗಿ ಅದನ್ನ ಮೊದಲೇ ಎಲ್ಲಾದರೂ ಬರೆದಿಡಲೇಬೇಕು. ಹಾಗೆ ಬರೆದಿಡೋ ಜಾಗಾನೇ ಕಾನ್ಫಿಗರೇಶನ್ ಫೈಲ್. ಜಾವಾದವರಿಗೆ ಅದು ಎಕ್ಸ್‌ಎಂಎಲ್ ಫೈಲು, ವರ್ಡ್‌ಪ್ರೆಸ್‌ನವರಿಗೆ ಡಬ್ಲ್ಯೂಪಿ-ಕಾನ್ಫಿಗ್ ಫೈಲು, ನೋಡ್, ಲಾರವೆಲ್ ಬಳಸೋರಿಗೆ ಡಾಟ್ ಎನ್‌ವ್ ಫೈಲು.

"ಎನ್‌ಕ್ರಿಪ್ಟ್ ಮಾಡಿಬಿಡಿ" ಅನ್ನೋ ಸುಲಭದ ಉತ್ತರ

ಇಲ್ಲಿಗೆ ಬಂದಾಗ ಎಲ್ಲರೂ ಹೇಳೋ ಮೊದಲ ಮಾತು ಇದು: "ಪಾಸ್‌ವರ್ಡ್‌ನ ಹಾಗೇ ಬರೆದಿಟ್ಟಿದ್ದೀರಾ? ಎನ್‌ಕ್ರಿಪ್ಟ್ ಮಾಡಿ ಇಡೋದಲ್ವಾ?"

ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ. ಯಾಕಂದ್ರೆ ಇಡೀ ಸಂಚಿಕೆಯ ತಿರುಳು ಇಲ್ಲೇ ಇದೆ.

ನೀವು ಒಂದು ಸೈಟ್‌ಗೆ ಲಾಗಿನ್ ಆದಾಗ ನಿಮ್ಮ ಪಾಸ್‌ವರ್ಡ್‌ನ ಆ ಸೈಟ್ ಹಾಗೇ ಇಟ್ಕೊಳ್ಳಬಾರದು. ಹ್ಯಾಶ್ ಮಾಡಿ ಇಡಬೇಕು. ಹ್ಯಾಶ್ ಅಂದ್ರೆ ರಾಗಿಯನ್ನ ಹಿಟ್ಟು ಮಾಡಿದ ಹಾಗೆ. ಹಿಟ್ಟಿನಿಂದ ವಾಪಸ್ ರಾಗಿ ಮಾಡೋಕಾಗಲ್ಲ. ನೀವು ಮತ್ತೆ ಪಾಸ್‌ವರ್ಡ್ ಕೊಟ್ಟಾಗ ಸೈಟ್ ಅದನ್ನೂ ಬೀಸಿ ನೋಡುತ್ತೆ. ಎರಡೂ ಒಂದೇ ಹಿಟ್ಟಾ? ಹಾಗಾದ್ರೆ ಒಳಗೆ ಬನ್ನಿ. ಇಲ್ಲಿ ಸೈಟ್‌ಗೆ ಮೂಲ ಪಾಸ್‌ವರ್ಡ್ ಗೊತ್ತಿರಬೇಕಾದ ಅಗತ್ಯವೇ ಇಲ್ಲ.

ಆದ್ರೆ ಸರ್ವರ್ ಡೇಟಾಬೇಸ್‌ಗೆ ಲಾಗಿನ್ ಆಗಬೇಕಾದಾಗ ಪಾತ್ರ ಅದಲುಬದಲಾಗುತ್ತೆ. ಈಗ ಬಾಗಿಲು ತಟ್ಟುತ್ತಿರೋದು ಸರ್ವರ್. ಬಾಗಿಲು ತಟ್ಟೋನ ಹತ್ರ ಹಿಟ್ಟು ಇದ್ರೆ ಸಾಲಲ್ಲ, ರಾಗಿನೇ ಬೇಕು. ಮೂಲ ಪಾಸ್‌ವರ್ಡೇ ಬೇಕು.

ಸರಿ, ಹ್ಯಾಶ್ ಬೇಡ, ಎನ್‌ಕ್ರಿಪ್ಟ್ ಮಾಡೋಣ. ಅದನ್ನ ಬಿಡಿಸೋಕೆ ಇನ್ನೊಂದು ಕೀ ಬೇಕಲ್ಲ? ಆ ಕೀ ಎಲ್ಲಿಡ್ತೀರಿ? ಅದೂ ಅದೇ ಸರ್ವರ್‌ನಲ್ಲೇ ಇರಬೇಕು, ಇಲ್ಲಾಂದ್ರೆ ಮೂರು ಗಂಟೆಗೆ ರೀಸ್ಟಾರ್ಟ್ ಆದಾಗ ಬಿಡಿಸೋಕಾಗಲ್ಲ. ಆ ಕೀನೂ ಎನ್‌ಕ್ರಿಪ್ಟ್ ಮಾಡಿದ್ರೆ ಅದಕ್ಕೆ ಮತ್ತೊಂದು ಕೀ. ಬೀರುವಿನ ಕೀಲಿಕೈಯನ್ನ ಇನ್ನೊಂದು ಬೀರುವಿನಲ್ಲಿಟ್ಟು, ಆ ಬೀರುವಿನ ಕೀಲಿಕೈಯನ್ನ ಮೇಜಿನ ಮೇಲೆ ಬಿಟ್ಟ ಹಾಗೆ. ಸರ್ವರ್ ಒಳಗೆ ಬಂದ ಕಳ್ಳ ಮೊದಲು ಮೇಜು ನೋಡ್ತಾನೆ, ಅಷ್ಟೇ ವ್ಯತ್ಯಾಸ.

ಜಾವಾ ಲೋಕದಲ್ಲಿ ತುಂಬಾ ಬಳಕೆಯಲ್ಲಿರೋ ಅಪಾಚೆ ಟಾಮ್‌ಕ್ಯಾಟ್ ಸರ್ವರ್ ಇದೆಯಲ್ಲ, ಅದನ್ನ ಕಟ್ಟಿದವರಿಗೆ ಈ ಪ್ರಶ್ನೆ ವರ್ಷಗಳಿಂದ ಬರ್ತಾನೇ ಇದೆ: ಡೇಟಾಬೇಸ್ ಪಾಸ್‌ವರ್ಡ್ ಯಾಕೆ ಫೈಲಿನಲ್ಲಿ ಬರಿಗಣ್ಣಿಗೆ ಕಾಣೋ ಹಾಗಿದೆ ಅಂತ. ಅವರ ಉತ್ತರದ ಸಾರ ಇಷ್ಟೇ: ಸಂಪರ್ಕ ಮಾಡೋಕೆ ಮೂಲ ಪಾಸ್‌ವರ್ಡೇ ಬೇಕು, ಹಾಗಾಗಿ ಅದನ್ನ ಬಚ್ಚಿಟ್ಟ ಹಾಗೆ ನಟಿಸೋದ್ರಲ್ಲಿ ಅರ್ಥ ಇಲ್ಲ, ಫೈಲನ್ನೇ ಕಾಪಾಡಿ. ಗಮನಿಸಿ, ಅದೇ ಟಾಮ್‌ಕ್ಯಾಟ್‌ಗೆ ಲಾಗಿನ್ ಆಗೋ ಬಳಕೆದಾರರ ಪಾಸ್‌ವರ್ಡ್‌ನ ಹ್ಯಾಶ್ ಮಾಡಿ ಇಡೋಕೆ ಅವಕಾಶ ಇದೆ. ಅಲ್ಲಿ ಅದು ಸಾಧ್ಯ, ಇಲ್ಲಿ ಸಾಧ್ಯ ಇಲ್ಲ.

ಇನ್ನು ಕೆಲವರು ಬೇಸ್ 64 ಮಾಡಿ ಇಡ್ತಾರೆ. ನೋಡೋಕೆ ಅರ್ಥವಾಗದ ಅಕ್ಷರಗಳ ಸಾಲು. ಆದ್ರೆ ಅದು ಗುಪ್ತಲಿಪಿ ಅಲ್ಲ, ಬರೆಯೋ ಇನ್ನೊಂದು ರೀತಿ ಮಾತ್ರ. ಕನ್ನಡ ಬರಲ್ಲ ಅಂದುಕೊಂಡು ಪಕ್ಕದವರ ಎದುರು ಕನ್ನಡದಲ್ಲೇ ಗುಟ್ಟು ಮಾತಾಡಿದ ಹಾಗೆ. ಅವರಿಗೆ ಕನ್ನಡ ಬಂದ್ರೆ ಮುಗೀತು. ಕುಬರ್ನೆಟೀಸ್‌ನಲ್ಲಿ ಸೀಕ್ರೆಟ್ ಅಂತಲೇ ಹೆಸರಿರೋ ವಸ್ತು ಇದೆ. ಅದರಲ್ಲೂ ನೀವು ನೋಡೋದು ಬೇಸ್ 64 ಮಾತ್ರ. ಹೆಸರು ನೋಡಿ ಮೋಸ ಹೋಗಬೇಡಿ.

ಹಾಗಂತ ಎನ್‌ಕ್ರಿಪ್ಶನ್ ದಂಡ ಅಂತಲ್ಲ. ಫೈಲ್ ಒಂದು ಕಡೆ, ಕೀ ಇನ್ನೊಂದು ಕಡೆ ಇದ್ದಾಗ ಅದಕ್ಕೆ ಬೆಲೆ. ಉದಾಹರಣೆಗೆ, ಕೋಡ್ ಜೊತೆಗೆ ಎನ್‌ಕ್ರಿಪ್ಟ್ ಆದ ಫೈಲ್ ಗಿಟ್‌ಗೆ ಹೋಗುತ್ತೆ, ಬಿಡಿಸೋ ಕೀ ಸರ್ವರ್‌ನಲ್ಲಿ ಮಾತ್ರ ಇರುತ್ತೆ. ರೇಲ್ಸ್, ಆ್ಯನ್ಸಿಬಲ್ ವಾಲ್ಟ್, ಸಾಪ್ಸ್ ಇವೆಲ್ಲ ಮಾಡೋದು ಇದನ್ನೇ. ಆಗ ಗಿಟ್‌ಹಬ್ ಖಾತೆ ಕಳೆದುಹೋದ್ರೂ ಪಾಸ್‌ವರ್ಡ್ ಹೋಗಲ್ಲ. ಆದ್ರೆ ಸರ್ವರ್ ಒಳಗೇ ಕಳ್ಳ ಬಂದ್ರೆ ಇದು ತಡೆಯಲ್ಲ. ಯಾವ ಬೇಲಿ ಯಾವ ದನಕ್ಕೆ ಅನ್ನೋದು ಗೊತ್ತಿರಬೇಕು.

ಹಾಗಾದ್ರೆ ಸರಿಯಾದ ಪ್ರಶ್ನೆ "ಇದನ್ನ ಹೇಗೆ ಬಚ್ಚಿಡೋದು?" ಅಲ್ಲ. ಮೂರು ಪ್ರಶ್ನೆ ಕೇಳಬೇಕು. ಇದನ್ನ ಯಾರು ಯಾರು ಓದಬಹುದು? ಇದರ ನಕಲು ಎಲ್ಲೆಲ್ಲಿಗೆ ಹೋಗುತ್ತೆ? ಕಳುವಾದ್ರೆ ಇದು ಎಷ್ಟು ಬಾಗಿಲು ತೆಗೆಯುತ್ತೆ?

ಮೊದಲು ಕೋಡ್‌ನಿಂದ ಹೊರಗೆ ತೆಗೀರಿ

ಹೆರೊಕು ಕಂಪನಿಯವರು ಬರೆದ ಟ್ವೆಲ್ವ್ ಫ್ಯಾಕ್ಟರ್ ಆ್ಯಪ್ ಅನ್ನೋ ಸೂತ್ರಗಳಲ್ಲಿ ಒಂದು ಒಳ್ಳೆ ಪರೀಕ್ಷೆ ಇದೆ. ನಿಮ್ಮ ಕೋಡ್‌ನ ಈ ಕ್ಷಣವೇ ಎಲ್ಲರಿಗೂ ಮುಕ್ತವಾಗಿ ಕೊಟ್ಟರೆ ಯಾವುದಾದರೂ ಪಾಸ್‌ವರ್ಡ್ ಬಯಲಾಗುತ್ತಾ? ಆಗುತ್ತೆ ಅಂದ್ರೆ ನೀವು ಪಾಸಾಗಿಲ್ಲ.

"ನಮ್ಮದು ಪ್ರೈವೇಟ್ ರೆಪೊ, ಯಾರು ನೋಡ್ತಾರೆ?" ಅನ್ನೋದಕ್ಕೆ ಊಬರ್ ಒಂದು ಉತ್ತರ. ಟೊಯೋಟ ಇನ್ನೊಂದು. ಟೊಯೋಟದ ಟಿ-ಕನೆಕ್ಟ್ ಸೇವೆಯ ಸೈಟ್ ಕಟ್ಟಿಕೊಡ್ತಿದ್ದ ಗುತ್ತಿಗೆದಾರರು ಕೋಡ್‌ನ ಒಂದು ಭಾಗವನ್ನ ತಪ್ಪಿ ಸಾರ್ವಜನಿಕ ಗಿಟ್‌ಹಬ್‌ಗೆ ಹಾಕಿದ್ದರು. ಅದರೊಳಗೆ ದತ್ತಾಂಶದ ಸರ್ವರ್‌ನ ಕೀ ಇತ್ತು. ಅದು 2017ರ ಡಿಸೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ, ಅಂದ್ರೆ ಹತ್ತಿರ ಹತ್ತಿರ ಐದು ವರ್ಷ ಅಲ್ಲೇ ಬಿದ್ದಿತ್ತು. 2,96,019 ಗ್ರಾಹಕರ ಇಮೇಲ್ ವಿಳಾಸ ಮತ್ತು ಗ್ರಾಹಕ ಸಂಖ್ಯೆ ಹೊರಗೆ ಹೋಗಿರಬಹುದು ಅಂತ ಕಂಪನಿ ಕ್ಷಮೆ ಕೇಳಿತು. ತಪ್ಪಿ ಹಾಕಿದವರು ಗುತ್ತಿಗೆದಾರರು, ಅನುಭವಿಸಿದವರು ಗ್ರಾಹಕರು.

ಇಂಥದ್ದು ಎಷ್ಟಿರಬಹುದು? ಗಿಟ್‌ಗಾರ್ಡಿಯನ್ ಅನ್ನೋ ಭದ್ರತಾ ಕಂಪನಿಯ ಲೆಕ್ಕದ ಪ್ರಕಾರ 2024ರ ಒಂದೇ ವರ್ಷದಲ್ಲಿ ಸಾರ್ವಜನಿಕ ಗಿಟ್‌ಹಬ್‌ನಲ್ಲಿ ಹೊಸದಾಗಿ ಕಂಡ ಇಂಥ ಗುಟ್ಟುಗಳು ಸುಮಾರು 2.38 ಕೋಟಿ. ಅದೇ ವರ್ಷದಿಂದ ಗಿಟ್‌ಹಬ್ ಕೂಡ ಸಾರ್ವಜನಿಕ ರೆಪೊಗಳಿಗೆ ಪುಶ್ ಮಾಡುವಾಗ ಪರಿಚಿತ ಕೀಗಳು ಕಂಡ್ರೆ ತಾನಾಗಿ ತಡೆಯೋಕೆ ಶುರು ಮಾಡಿದೆ. ಅದು ತಡೆದಾಗ "ಪರವಾಗಿಲ್ಲ, ಮುಂದುವರಿಸು" ಅಂತ ಒತ್ತಬೇಡಿ.

ಮಾಡಬೇಕಾದ್ದು ಕಷ್ಟದ ಕೆಲಸ ಏನಲ್ಲ. ಪಾಸ್‌ವರ್ಡ್ ಇರೋ ಫೈಲ್ ಬೇರೆ ಮಾಡಿ. ಅದರ ಹೆಸರನ್ನ ಗಿಟ್‌ಇಗ್ನೋರ್‌ಗೆ ಸೇರಿಸಿ. ಹೊಸಬರಿಗೆ ಗೊತ್ತಾಗಲಿ ಅಂತ ಖಾಲಿ ಜಾಗಗಳಿರೋ ಒಂದು ಮಾದರಿ ಫೈಲ್ ಮಾತ್ರ ಗಿಟ್‌ನಲ್ಲಿಡಿ.

ಒಂದು ಎಚ್ಚರಿಕೆ. ಈಗಾಗಲೇ ಕಮಿಟ್ ಆಗಿಹೋಗಿದ್ರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದ ಮಾತ್ರಕ್ಕೆ ಅದು ಹೋಗಲ್ಲ. ಗಿಟ್ ಇರೋದೇ ಹಳೇದನ್ನ ನೆನಪಿಟ್ಟುಕೊಳ್ಳೋಕೆ. ಇತಿಹಾಸ ತೆಗೆದು ನೋಡಿದ್ರೆ ಅಲ್ಲೇ ಇರುತ್ತೆ.

ಮೊಬೈಲ್ ಆ್ಯಪ್ ಮಾಡೋರಿಗೂ ಒಂದು ಮಾತು. ಕೀಯನ್ನ ಆ್ಯಪ್‌ನೊಳಗೇ ಇಟ್ಟು ಕಳಿಸಿದ್ರೆ, ಡೌನ್‌ಲೋಡ್ ಮಾಡಿದ ಪ್ರತಿಯೊಬ್ಬರಿಗೂ ಅದನ್ನ ಹಂಚಿದ ಹಾಗೆ. ಎಪಿಕೆ ಫೈಲ್ ಬಿಚ್ಚಿ ನೋಡೋಕೆ ದೊಡ್ಡ ವಿದ್ಯೆ ಬೇಡ. ಗುಟ್ಟಾಗಿರಬೇಕಾದ ಕೀ ಸರ್ವರ್‌ನಲ್ಲಿರಲಿ, ಫೋನ್ ಸರ್ವರ್‌ನ ಕೇಳಲಿ.

ಫೈಲ್ ಯಾರು ಓದಬಹುದು?

ಈಗ ಫೈಲ್ ಸರ್ವರ್‌ನಲ್ಲಿದೆ. ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಮೂರು ಅಂಕಿಯ ಅನುಮತಿ ಇರುತ್ತೆ. ಮೊದಲನೇ ಅಂಕಿ ಮಾಲೀಕನದ್ದು, ಎರಡನೇದು ಗುಂಪಿನದ್ದು, ಮೂರನೇದು ಉಳಿದ ಎಲ್ಲರದ್ದು. 4 ಅಂದ್ರೆ ಓದಬಹುದು, 2 ಅಂದ್ರೆ ಬರೀಬಹುದು, ಎರಡೂ ಸೇರಿದ್ರೆ 6. ಹೊಸ ಫೈಲಿಗೆ ಸಾಮಾನ್ಯವಾಗಿ ಸಿಗೋದು 644. ಕೊನೆಯ 4 ನೋಡಿ, ಆ ಯಂತ್ರದಲ್ಲಿರೋ ಯಾರು ಬೇಕಾದ್ರೂ ಓದಬಹುದು ಅಂತ ಅರ್ಥ. ಸಿಎಚ್-ಮಾಡ್ ಆಜ್ಞೆಯಿಂದ ಅದನ್ನ 600 ಮಾಡಿದ್ರೆ ಮಾಲೀಕನಿಗೆ ಮಾತ್ರ. ಇನ್ನೂ ಒಳ್ಳೇದು ಏನಂದ್ರೆ ಮಾಲೀಕ ರೂಟ್, ಗುಂಪು ಆ್ಯಪ್‌ನದ್ದು, ಅನುಮತಿ 640. ಆಗ ಆ್ಯಪ್ ಓದಬಹುದು, ಆದ್ರೆ ತಿದ್ದೋಕಾಗಲ್ಲ. ಆ್ಯಪ್‌ಗೆ ಅಂತಲೇ ಬೇರೆ ಬಳಕೆದಾರ ಖಾತೆ ಇರಲಿ. ಎಲ್ಲವನ್ನೂ ರೂಟ್ ಹೆಸರಲ್ಲೇ ಓಡಿಸೋದು ಬೇಡ.

ಇದು ಅತಿ ಜಾಗ್ರತೆ ಅನ್ನಿಸ್ತಾ? ಕೆಲವು ಸಾಫ್ಟ್‌ವೇರ್‌ಗಳು ಈ ವಿಷಯದಲ್ಲಿ ಹಟ ಹಿಡೀತವೆ. ಪೋಸ್ಟ್‌ಗ್ರೆಸ್‌ನ ಪಾಸ್‌ವರ್ಡ್ ಫೈಲ್ ಬೇರೆಯವರು ಓದೋ ಹಾಗಿದ್ರೆ ಅದು ಆ ಫೈಲನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಎಸ್‌ಎಸ್‌ಎಚ್ ಕೂಡ ಹಾಗೇ. ನಿಮ್ಮ ಖಾಸಗಿ ಕೀ ಫೈಲ್ ಸಡಿಲವಾಗಿದ್ರೆ ಎಚ್ಚರಿಕೆ ಕೊಟ್ಟು, ಬಳಸೋಕೆ ಒಪ್ಪಲ್ಲ. ಆಗ ಸಿಟ್ಟು ಬಂದು 777 ಕೊಟ್ಟುಬಿಡೋರು ಇದ್ದಾರೆ. ಎಲ್ಲರಿಗೂ ಎಲ್ಲವೂ. ಆ ಅಭ್ಯಾಸ ಬಿಡಿ.

ಇನ್ನೊಂದು, ಆ ಫೈಲ್ ವೆಬ್‌ಗೆ ಕಾಣೋ ಫೋಲ್ಡರ್‌ನ ಹೊರಗಿರಲಿ. ಪಿಎಚ್‌ಪಿ ಸರಿಯಾಗಿ ಓಡ್ತಿರೋವರೆಗೆ ಕಾನ್ಫಿಗ್ ಫೈಲ್‌ನ ಒಳಗಿರೋದು ಹೊರಗೆ ಕಾಣಲ್ಲ. ಅಪ್‌ಡೇಟ್ ಮಾಡುವಾಗ ಪಿಎಚ್‌ಪಿ ನಿಂತುಹೋದ್ರೆ ಸರ್ವರ್ ಅದನ್ನ ಮಾಮೂಲಿ ಅಕ್ಷರದ ಫೈಲ್ ಅಂತ ತೋರಿಸಿಬಿಡಬಹುದು. ಅದಕ್ಕೇ ವರ್ಡ್‌ಪ್ರೆಸ್ ತನ್ನ ಕಾನ್ಫಿಗ್ ಫೈಲನ್ನ ಒಂದು ಮೆಟ್ಟಿಲು ಮೇಲಿನ ಫೋಲ್ಡರ್‌ನಲ್ಲಿಟ್ಟರೂ ಹುಡುಕಿಕೊಳ್ಳುತ್ತೆ. "ಇರಲಿ, ಒಂದು ನಕಲು" ಅಂತ ಕೊನೆಗೆ ಡಾಟ್ ಬಿಎಕೆ, ಡಾಟ್ ಓಲ್ಡ್ ಸೇರಿಸಿ ಇಡ್ತೀವಲ್ಲ, ಅದು ಇನ್ನೂ ಅಪಾಯ. ಅದರ ಹೆಸರು ಪಿಎಚ್‌ಪಿ ಅಂತ ಮುಗಿಯದ ಕಾರಣ ಕೇಳಿದವರಿಗೆಲ್ಲ ಹಾಗೇ ಸಿಗುತ್ತೆ. ಇಂಟರ್ನೆಟ್‌ಗೆ ತೆರೆದಿರೋ ಯಾವ ಸರ್ವರ್‌ನ ಲಾಗ್ ತೆಗೆದು ನೋಡಿದ್ರೂ, ಡಾಟ್ ಎನ್‌ವ್ ಫೈಲ್ ಇದೆಯಾ ಅಂತ ಬಾಟ್‌ಗಳು ಬಾಗಿಲು ತಟ್ಟಿ ಹೋಗಿರೋದು ಕಾಣುತ್ತೆ.

ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ರೆ ಸಾಕಾ?

ಫೈಲಿನ ಬದಲು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡಿ ಅನ್ನೋದು ತುಂಬಾ ಕೇಳಿಬರೋ ಸಲಹೆ. ಕೋಡ್‌ನಲ್ಲಿ ಇಡೋದಕ್ಕಿಂತ ಖಂಡಿತ ವಾಸಿ. ಆದ್ರೆ ಅದು ತಿಜೋರಿ ಅಲ್ಲ. ಲಿನಕ್ಸ್‌ನಲ್ಲಿ ಅದೇ ಬಳಕೆದಾರ ಓಡಿಸೋ ಬೇರೆ ಪ್ರೋಗ್ರಾಂ ಅದನ್ನ ಓದಬಹುದು. ನಿಮ್ಮ ಆ್ಯಪ್ ಇನ್ನೊಂದು ಪ್ರೋಗ್ರಾಂ ಶುರು ಮಾಡಿದ್ರೆ ಅದಕ್ಕೂ ಇವೆಲ್ಲ ಆಸ್ತಿ ಥರ ಬಂದುಬಿಡುತ್ತೆ. ಆ್ಯಪ್ ಕ್ರ್ಯಾಶ್ ಆದಾಗ ಡೀಬಗ್ ಪುಟ ಎಲ್ಲ ವೇರಿಯಬಲ್‌ಗಳನ್ನೂ ಸಾಲಾಗಿ ಪ್ರಕಟಿಸಬಹುದು. ಪ್ರೊಡಕ್ಷನ್‌ನಲ್ಲಿ ಡೀಬಗ್ ಮೋಡ್ ಆಫ್ ಇರಬೇಕು ಅನ್ನೋದು ಇದಕ್ಕೇ.

ಡಾಕರ್ ಬಳಸೋರು ಗಮನಿಸಿ. ಡಾಕರ್‌ಫೈಲ್‌ನೊಳಗೆ ಪಾಸ್‌ವರ್ಡ್ ಬರೆದ್ರೆ ಅದು ಇಮೇಜ್‌ನ ಪದರಗಳಲ್ಲಿ ಉಳಿಯುತ್ತೆ. ಇಮೇಜ್ ಸಿಕ್ಕಿದವರಿಗೆ ಅದೂ ಸಿಕ್ಕಿದ ಹಾಗೆ. ಕಮಾಂಡ್ ಲೈನ್‌ನಲ್ಲಿ ಪಾಸ್‌ವರ್ಡ್ ಟೈಪ್ ಮಾಡೋದೂ ಬೇಡ. ಓಡ್ತಿರೋ ಪ್ರೋಗ್ರಾಂಗಳ ಪಟ್ಟಿಯಲ್ಲಿ ಅದು ಬೇರೆಯವರಿಗೆ ಕಾಣಬಹುದು, ಶೆಲ್ ಇತಿಹಾಸದಲ್ಲೂ ಉಳಿಯುತ್ತೆ.

ಇತ್ತೀಚಿನ ಲಿನಕ್ಸ್‌ಗಳಲ್ಲಿ ಇದಕ್ಕಿಂತ ಚೊಕ್ಕ ದಾರಿ ಇದೆ. ಸಿಸ್ಟಮ್‌ಡಿ 2020ರಲ್ಲಿ ಬಂದ 247ನೇ ಆವೃತ್ತಿಯಿಂದ ಕ್ರೆಡೆನ್ಶಿಯಲ್‌ಗಳಿಗೇ ಒಂದು ವ್ಯವಸ್ಥೆ ಕೊಟ್ಟಿದೆ. ಸೇವೆ ಶುರುವಾದಾಗ ಆ ಸೇವೆಗೆ ಮಾತ್ರ ಕಾಣೋ ಹಾಗೆ ಒಂದು ಫೈಲ್ ಒದಗಿಸುತ್ತೆ, ಸೇವೆ ನಿಂತಾಗ ತೆಗೆದುಬಿಡುತ್ತೆ. ಆಮೇಲಿನ ಆವೃತ್ತಿಗಳಲ್ಲಿ ಅದನ್ನ ಆ ಯಂತ್ರದ ಟಿಪಿಎಂ ಚಿಪ್‌ಗೇ ಕಟ್ಟಿಹಾಕಬಹುದು. ಡಿಸ್ಕ್‌ನ ಯಾರಾದರೂ ಕದ್ದು ಬೇರೆ ಯಂತ್ರಕ್ಕೆ ಹಾಕಿದ್ರೆ ಬಿಡಿಸೋಕಾಗಲ್ಲ.

ಒಂದು ಕೀ, ಒಂದೇ ಬಾಗಿಲು

ಎಷ್ಟೇ ಕಾಪಾಡಿದ್ರೂ ಒಂದು ದಿನ ಕಳುವಾಗಬಹುದು ಅಂತಲೇ ಇಟ್ಕೊಳ್ಳಿ. ಆಗ ಎಷ್ಟು ನಷ್ಟ ಅನ್ನೋದು ಆ ಕೀ ಎಷ್ಟು ಬಾಗಿಲು ತೆಗೆಯುತ್ತೆ ಅನ್ನೋದರ ಮೇಲಿದೆ.

ವರದಿ ತೋರಿಸೋ ಪುಟಕ್ಕೆ ಡೇಟಾಬೇಸ್ ಓದೋ ಅನುಮತಿ ಸಾಕು. ಅಳಿಸೋ ಅಧಿಕಾರ ಯಾಕೆ? ಪರೀಕ್ಷೆಯ ಸರ್ವರ್‌ಗೂ ನಿಜವಾದ ಸರ್ವರ್‌ಗೂ ಒಂದೇ ಪಾಸ್‌ವರ್ಡ್ ಯಾಕೆ? ಡೇಟಾಬೇಸ್ ಇಡೀ ಇಂಟರ್ನೆಟ್‌ಗೆ ತೆರೆದಿರಬೇಕಾ, ಆ್ಯಪ್ ಸರ್ವರ್‌ನ ವಿಳಾಸಕ್ಕೆ ಮಾತ್ರ ಸಾಕಾ?

ಕೆಲವೊಮ್ಮೆ ಪಾಸ್‌ವರ್ಡೇ ಬೇಕಾಗಲ್ಲ. ಆ್ಯಪ್, ಪೋಸ್ಟ್‌ಗ್ರೆಸ್ ಎರಡೂ ಒಂದೇ ಯಂತ್ರದಲ್ಲಿದ್ರೆ, ಬಂದಿರೋದು ಯಾವ ಬಳಕೆದಾರ ಅಂತ ಪೋಸ್ಟ್‌ಗ್ರೆಸ್ ನೇರವಾಗಿ ಆಪರೇಟಿಂಗ್ ಸಿಸ್ಟಮ್‌ನ ಕೇಳಿ ತಿಳ್ಕೊಳ್ಳಬಹುದು. ಇಲ್ಲದ ಪಾಸ್‌ವರ್ಡ್‌ನ ಕದಿಯೋಕಾಗಲ್ಲ ಅಲ್ವಾ?

ಕ್ಲೌಡ್‌ನಲ್ಲಿ ಇದೇ ಯೋಚನೆಗೆ ರೋಲ್ ಅಂತಾರೆ. ಯಂತ್ರಕ್ಕೇ ಒಂದು ಗುರುತು ಕೊಡ್ತಾರೆ. ಅದಕ್ಕೆ ಕೆಲವು ಗಂಟೆ ಮಾತ್ರ ಬಾಳೋ ಕೀ ತಾನಾಗಿ ಸಿಗುತ್ತೆ, ಫೈಲಿನಲ್ಲಿ ಏನೂ ಬರೆದಿಡಬೇಕಿಲ್ಲ. ಹಾಶಿಕಾರ್ಪ್ ವಾಲ್ಟ್, ಎಡಬ್ಲ್ಯೂಎಸ್ ಸೀಕ್ರೆಟ್ಸ್ ಮ್ಯಾನೇಜರ್ ಥರದವು ಎಲ್ಲ ಗುಟ್ಟುಗಳನ್ನ ಒಂದು ಕಡೆ ಇಟ್ಟು, ಯಾರು ಯಾವಾಗ ತಗೊಂಡರು ಅಂತ ಲೆಕ್ಕ ಇಡ್ತವೆ. ಸಣ್ಣ ಪ್ರಾಜೆಕ್ಟ್‌ಗೆ ಇದು ಅತಿಯಾಗಬಹುದು. ಹತ್ತಾರು ಸರ್ವರ್ ಇದ್ರೆ ಅನಿವಾರ್ಯ. ಆದ್ರೆ ಆ ವಾಲ್ಟ್‌ನ ಬಾಗಿಲು ತೆಗೆಯೋ ಮೊದಲ ಕೀ ಎಲ್ಲಿ ಅನ್ನೋ ಪ್ರಶ್ನೆ ಅಲ್ಲೂ ಇದೆ. ಬೀರುವಿನ ಕಥೆ ಪೂರ್ತಿ ಮುಗಿಯಲ್ಲ, ಚಿಕ್ಕದಾಗುತ್ತೆ.

ರೋಲ್ ಬಂದ ಮಾತ್ರಕ್ಕೆ ಎಲ್ಲ ಸರಿಹೋಯ್ತು ಅಂತಲೂ ಅಲ್ಲ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕ್‌ನಲ್ಲಿ ಆಗಿದ್ದು ಅದೇ. ಫೈರ್‌ವಾಲ್ ಸರಿಯಾಗಿ ಹೊಂದಿಸಿರಲಿಲ್ಲ. ಅದರ ಮೂಲಕ ಒಬ್ಬ ದಾಳಿಕೋರರಿಗೆ ರೋಲ್‌ನ ತಾತ್ಕಾಲಿಕ ಕೀ ಸಿಕ್ಕಿತು. ಆ ರೋಲ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಅಧಿಕಾರ ಇತ್ತು. ಅಮೆರಿಕದಲ್ಲಿ ಸುಮಾರು 10 ಕೋಟಿ, ಕೆನಡಾದಲ್ಲಿ ಸುಮಾರು 60 ಲಕ್ಷ ಜನರ ಮಾಹಿತಿ ಹೊರಗೆ ಹೋಯ್ತು. ಆ ಬ್ಯಾಂಕ್ 8 ಕೋಟಿ ಡಾಲರ್ ದಂಡ ಕಟ್ಟಿತು. ಕೀ ಎಲ್ಲಿದೆ ಅನ್ನೋದರಷ್ಟೇ, ಅದು ಏನೇನು ತೆಗೆಯುತ್ತೆ ಅನ್ನೋದೂ ಮುಖ್ಯ.

ಸೋರಿಕೆಯಾದ್ರೆ ಮೊದಲು ಏನು ಮಾಡಬೇಕು?

ಈಗ ಅತಿ ಮುಖ್ಯವಾದ ಭಾಗ. ನಿಮ್ಮ ಮೊದಲ ಕೆಲಸ, ಸಂಜೆ ಆರು ಗಂಟೆ, ಕೀ ಇರೋ ಫೈಲ್ ಪುಶ್ ಆಗಿಹೋಯ್ತು. ಕೈಕಾಲು ನಡುಗುತ್ತೆ. ತಕ್ಷಣ ಅನ್ನಿಸೋದು, ಯಾರೂ ನೋಡೋದರೊಳಗೆ ಅಳಿಸಿಬಿಡೋಣ ಅಂತ.

ಅಳಿಸೋದು ಮೊದಲ ಕೆಲಸ ಅಲ್ಲ. ಸಾರ್ವಜನಿಕ ಜಾಗಕ್ಕೆ ಬಿದ್ದ ಕೀಯನ್ನ ಬಾಟ್‌ಗಳು ನಿಮಿಷಗಳಲ್ಲಿ ಎತ್ತಿಕೊಳ್ತವೆ. ಆಮೇಲೆ ಅಳಿಸಿದ್ರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮೊದಲು ಆ ಕೀಯನ್ನೇ ಸಾಯಿಸಬೇಕು. ಹೊಸ ಕೀ ಮಾಡಿ, ಆ್ಯಪ್‌ಗೆ ಕೊಡಿ, ಹಳೇದನ್ನ ರದ್ದು ಮಾಡಿ. ದೊಡ್ಡ ಅಧಿಕಾರದ ಕೀ ಆಗಿದ್ರೆ ಆ್ಯಪ್ ಸ್ವಲ್ಪ ಹೊತ್ತು ನಿಂತರೂ ಸರಿ, ಮೊದಲು ರದ್ದು ಮಾಡಿ. ಆಮೇಲೆ ಲಾಗ್ ನೋಡಿ, ಆ ಕೀ ಬಳಸಿ ಯಾರಾದರೂ ಬಂದಿದ್ದರಾ ಅಂತ. ಇತಿಹಾಸ ಶುಚಿ ಮಾಡೋದು ಕೊನೆಗೆ.

ಮತ್ತೆ, ಹೇಳಿ. ನಿಮ್ಮ ಲೀಡ್‌ಗೆ, ಮ್ಯಾನೇಜರ್‌ಗೆ, ಕೂಡಲೇ ಹೇಳಿ. "ಹೇಳಿದ್ರೆ ಕೆಲಸ ಹೋಗುತ್ತೆ" ಅನ್ನೋ ಭಯ ಸಹಜ. ಈಗ ಊಬರ್ ಕಥೆಗೆ ವಾಪಸ್ ಬನ್ನಿ. ಜೋ ಸಲಿವನ್ ಮೇಲಿನ ಆರೋಪ ಕೀ ಸೋರಿದ್ದಲ್ಲ. ಅಮೆರಿಕದ ವ್ಯಾಪಾರ ಆಯೋಗ ಕಂಪನಿಯ ಭದ್ರತೆ ಬಗ್ಗೆ ತನಿಖೆ ಮಾಡ್ತಿದ್ದಾಗಲೇ ಹೊಸ ಘಟನೆಯನ್ನ ಅದರಿಂದ ಮುಚ್ಚಿಟ್ಟಿದ್ದು. 2023ರಲ್ಲಿ ಅವರಿಗೆ ಮೂರು ವರ್ಷದ ಪ್ರೊಬೇಷನ್ ಶಿಕ್ಷೆ ಆಯ್ತು. ಸೋರಿಕೆ ಅನ್ನೋದು ಅವಘಡ. ಮುಚ್ಚಿಡೋದು ಅವಘಡ ಅಲ್ಲ, ಅದು ಒಬ್ಬರು ತಗೊಂಡ ತೀರ್ಮಾನ.

ನಮ್ಮಲ್ಲೂ ಕಾನೂನು ಇದೆ. ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಕ್ಕ ಭದ್ರತೆ ಇಡದೆ ಇದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ. ನೀವು ಒಂದು ಗಂಟೆ ತಡ ಮಾಡಿ ಹೇಳಿದ್ರೆ ಆ ಆರು ಗಂಟೆಯಲ್ಲಿ ನಿಮ್ಮವರ ಕೈಯಲ್ಲಿ ಉಳಿಯೋದು ಕಡಿಮೆ.

ತಂಡ ನಡೆಸೋರಿಗೂ ಒಂದು ಮಾತು. ಬಂದು ಹೇಳಿದ ಹುಡುಗನಿಗೋ ಹುಡುಗಿಗೋ ಎಲ್ಲರ ಮುಂದೆ ಬೈದ್ರೆ, ಮುಂದಿನ ಸಲ ಯಾರೂ ಬಂದು ಹೇಳಲ್ಲ. ಕೀ ಅಲ್ಲೇ ಐದು ವರ್ಷ ಬಿದ್ದಿರುತ್ತೆ.

ಇವತ್ತೇ ನೋಡಬಹುದಾದ್ದು

ನಿಮ್ಮದೇ ಒಂದು ಪ್ರಾಜೆಕ್ಟ್ ಇದ್ರೆ, ಕಾಲೇಜಿನದ್ದಾದರೂ ಸರಿ, ಈ ನಾಲ್ಕು ಕೆಲಸ ಮಾಡಿ. ಒಂದು, ಗಿಟ್ ಇತಿಹಾಸದಲ್ಲಿ ಪಾಸ್‌ವರ್ಡ್, ಸೀಕ್ರೆಟ್, ಟೋಕನ್ ಅನ್ನೋ ಪದಗಳನ್ನ ಹುಡುಕಿ. ಗಿಟ್‌ಲೀಕ್ಸ್, ಟ್ರಫಲ್‌ಹಾಗ್ ಅನ್ನೋ ಉಚಿತ ಸಾಧನಗಳು ಇದನ್ನ ಇನ್ನೂ ಚೆನ್ನಾಗಿ ಮಾಡ್ತವೆ. ಎರಡು, ಸರ್ವರ್‌ನಲ್ಲಿರೋ ಕಾನ್ಫಿಗ್ ಫೈಲಿನ ಅನುಮತಿ ನೋಡಿ, ಕೊನೆಯ ಅಂಕಿ ಸೊನ್ನೆ ಇದೆಯಾ? ಮೂರು, ನಿಮ್ಮ ಸೈಟ್‌ನ ವಿಳಾಸದ ಮುಂದೆ ಡಾಟ್ ಎನ್‌ವ್ ಅಂತ ಹಾಕಿ ಬ್ರೌಸರ್‌ನಲ್ಲಿ ತೆರೆದು ನೋಡಿ. ಏನೂ ಬರಬಾರದು. ನಾಲ್ಕು, ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಾಸ್‌ವರ್ಡ್ ಅಂತ ಹುಡುಕಿ. ಅಲ್ಲಿ ಸಿಕ್ಕಿದ್ದನ್ನೆಲ್ಲ ಬದಲಾಯಿಸಿ. ಅಲ್ಲಿಂದ ಬಿಟ್ಟುಹೋದವರ ಫೋನ್‌ನಲ್ಲೂ ಅದು ಇನ್ನೂ ಇರುತ್ತೆ. ಬಗ್ ಸರಿಮಾಡೋಕೆ ಅಂತ ಇಡೀ ಕಾನ್ಫಿಗ್ ಫೈಲನ್ನ ಎಐ ಚಾಟ್‌ಗೆ ಅಂಟಿಸೋ ಅಭ್ಯಾಸ ಇದ್ರೆ, ಕೀಗಳನ್ನ ತೆಗೆದು ಅಂಟಿಸಿ.

ಕೋಡ್ ಬರೆಯದ ಕೇಳುಗರಿಗೆ ಒಂದೇ ಮಾತು. ಊಬರ್‌ನ ಬಾಗಿಲು ತೆರೆದಿದ್ದು ಬೇರೆಲ್ಲೋ ಸೋರಿದ್ದ ಹಳೇ ಪಾಸ್‌ವರ್ಡ್‌ನಿಂದ. ಒಂದೇ ಪಾಸ್‌ವರ್ಡ್‌ನ ಎರಡು ಕಡೆ ಬಳಸಬೇಡಿ, ಎರಡನೇ ಹಂತದ ಪರಿಶೀಲನೆ ಆನ್ ಮಾಡಿ.

ಸರ್ವರ್ ಫೈಲಿನಲ್ಲಿರೋ ಒಂದು ಸಾಲು ನೋಡೋಕೆ ಚಿಕ್ಕದು. ಆದ್ರೆ ಅದರ ಆಚೆ ಯಾರದ್ದೋ ಮನೆ ವಿಳಾಸ ಇದೆ, ಯಾರೋ ಚಾಲಕರ ಲೈಸೆನ್ಸ್ ಇದೆ. ಅವರು ನಿಮ್ಮನ್ನ ನೋಡಿಲ್ಲ, ಆದ್ರೂ ನಂಬಿ ಕೊಟ್ಟಿದ್ದಾರೆ.

ಈ ಸಂಚಿಕೆ ಇಷ್ಟೇ. ಈಗಷ್ಟೇ ಕೆಲಸಕ್ಕೆ ಸೇರಿರೋ ನಿಮ್ಮ ಗೆಳೆಯರಿಗೆ ಕಳಿಸಿ.